ನಿಯಮ ಕೊಟ್ಟರೆ ಪ್ರೋಗ್ರಾಂ ಕೊಡುವ ನಾಲ್ಕು ಟೂಲ್‌ಗಳು: ಯಾವುದು ಯಾವಾಗ?

ಪ್ರೋಗ್ರಾಂ ನಾವು ಬರೆಯುವುದಿಲ್ಲ. ಅದು ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮ ಮಾತ್ರ ಬರೆದುಕೊಡುತ್ತೇವೆ, ಉಳಿದದ್ದು ಕಂಪ್ಯೂಟರ್ ನೋಡಿಕೊಳ್ಳಬೇಕು. 1957ರಲ್ಲಿ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಎತ್ತಿದ ಪ್ರಶ್ನೆ ಇದು. ಆಟೊಮಟಾ (ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುವ ಕಾಲ್ಪನಿಕ ಯಂತ್ರಗಳು) ಬಳಸಿ ಇದು ಸಾಧ್ಯ ಅಂತ 1969ರಲ್ಲಿ ಬ್ಯೂಖಿ ಮತ್ತು ಲ್ಯಾಂಡ್‌ವೆಬರ್ ತೋರಿಸಿದರು. 'ಯಾವಾಗಲೂ', 'ಯಾವತ್ತಾದರೂ' ಥರದ ಕಾಲದ ಮಾತುಗಳನ್ನು ಬರೆಯುವ ತರ್ಕಭಾಷೆ ಎಲ್‌ಟಿಎಲ್. ಅದರಲ್ಲಿ ಬರೆದ ನಿಯಮಕ್ಕೆ ಕೆಲಸ ಎಷ್ಟು ಭಾರ ಅನ್ನೋದನ್ನು 1989ರಲ್ಲಿ ಪ್ನುವೇಲಿ ಮತ್ತು ರೋಸ್ನರ್ ಲೆಕ್ಕ ಹಾಕಿದರು. ಉತ್ತರ ಗಾಬರಿ ಹುಟ್ಟಿಸುವಂಥದ್ದು: ಘಾತದ ಮೇಲೆ ಘಾತ, ಅಂದರೆ ನಿಯಮ ಸ್ವಲ್ಪ ಉದ್ದವಾದರೂ ಕೆಲಸ ಊಹೆಗೂ ಮೀರಿ ಬೆಳೆಯಬಹುದು. ಆದರೂ ಇವತ್ತು ಲ್ಯಾಪ್‌ಟಾಪ್‌ನಲ್ಲೇ ಓಡುವ ಟೂಲ್‌ಗಳಿವೆ. ಎಲ್‌ಟಿಎಲ್‌ಸಿಂಟ್, ಸ್ಟ್ರಿಕ್ಸ್, ಬೋಸಿ, ಸ್ಲಗ್ಸ್, ಈ ನಾಲ್ಕಕ್ಕೂ ಒಂದೇ ಕೆಲಸ ಕೊಟ್ಟು ನೋಡಿದೆ.

ಕೆಲಸ ಸಣ್ಣದು. ಒಂದೇ ಬಸ್‌ಗೆ (ಚಿಪ್‌ನೊಳಗೆ ಡೇಟಾ ಓಡಾಡುವ ಹಂಚಿಕೆಯ ದಾರಿ) ಇಬ್ಬರು ಗಿರಾಕಿಗಳು, ಅಂದರೆ ಅದನ್ನು ಬಳಸಲು ಅನುಮತಿ ಕೇಳುವ ಎರಡು ಭಾಗಗಳು. ಇಬ್ಬರಿಗೂ ಒಟ್ಟಿಗೆ ಅನುಮತಿ ಕೊಡಬಾರದು. ಯಾರು ಕೇಳಿದರೂ ಯಾವತ್ತಾದರೂ ಸಿಗಲೇಬೇಕು. ಇಷ್ಟೇ ನಿಯಮ.

ಬೋಸಿ ಎರಡೇ ಸ್ಥಿತಿಯ ಯಂತ್ರ ಕೊಟ್ಟಿತು. ಮೊದಲನೆಯದರಲ್ಲಿ ಒಬ್ಬನಿಗೆ ಅನುಮತಿ, ಎರಡನೆಯದರಲ್ಲಿ ಇನ್ನೊಬ್ಬನಿಗೆ. ಯಾರು ಕೇಳಿದರು, ಯಾರು ಕೇಳಲಿಲ್ಲ ಅಂತ ಅದು ತಿರುಗಿಯೂ ನೋಡುವುದಿಲ್ಲ! ನಿಯಮದ ಪ್ರಕಾರ ತಪ್ಪೇನಿಲ್ಲ ಅಲ್ವಾ? ಸರಿ, 'ಕೇಳದವನಿಗೆ ಕೊಡಬೇಡ' ಅಂತ ಇನ್ನೊಂದು ಸಾಲು ಸೇರಿಸಿದೆ. ಆಗ ನಾಲ್ಕೂ ಟೂಲ್‌ಗಳು ಸಾಧ್ಯವಿಲ್ಲ ಅಂದವು.

ನಿಜವಾದ ಹೋಲಿಕೆ ಶುರುವಾಗೋದು ಇಲ್ಲಿಂದ. ಎಲ್‌ಟಿಎಲ್‌ಸಿಂಟ್ ಒಂದೇ ಪದದಲ್ಲಿ 'ಆಗದು' ಎಂದು ಹೇಳಿ ಸುಮ್ಮನಾಗುತ್ತದೆ. ಸ್ಟ್ರಿಕ್ಸ್ ಹಾಗಲ್ಲ. ನಿಮ್ಮನ್ನು ಸೋಲಿಸುವ ಎದುರಾಳಿಯ (ಇಲ್ಲಿ ಗಿರಾಕಿಗಳ ಕಡೆಯ) ಯಂತ್ರವನ್ನೇ ಕಟ್ಟಿ ಕೊಡುತ್ತದೆ. ಅದನ್ನು ಓದಿದರೆ ಸಂಗತಿ ಬಯಲಾಗುತ್ತದೆ: ಮೊದಲ ಹೆಜ್ಜೆಯಲ್ಲಿ ಇಬ್ಬರೂ ಕೇಳುತ್ತಾರೆ, ಆಮೇಲೆ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಒಬ್ಬನಿಗೆ ಕೊಡುವಷ್ಟರಲ್ಲಿ ಇನ್ನೊಬ್ಬ ಕೇಳೋದನ್ನು ನಿಲ್ಲಿಸಿರುತ್ತಾನೆ. ಕೇಳದವನಿಗೆ ಕೊಡುವ ಹಾಗಿಲ್ಲ, ಹಿಂದೆ ಕೇಳಿದ್ದವನಿಗೆ ಕೊಡದೆ ಇರುವ ಹಾಗೂ ಇಲ್ಲ. 'ಅನುಮತಿ ಸಿಗುವ ತನಕ ಕೋರಿಕೆ ಕೈಬಿಡುವಂತಿಲ್ಲ' ಅಂತ ಗಿರಾಕಿಗಳ ಮೇಲೆ ಒಂದು ಷರತ್ತು ಹಾಕಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ಬೋಸಿಯೂ ಎದುರಾಳಿಯ ತಂತ್ರವನ್ನು ಹುಡುಕುತ್ತದೆ. ಆದರೆ ಅದಕ್ಕೆ ಸ್ವಿಫ್ಟ್ ಭಾಷೆಯ ಕಂಪೈಲರ್ ಬೇಕು, ಜೊತೆಗೆ ಒಂದಷ್ಟು ಸಾಲ್ವರ್‌ಗಳೂ (ತರ್ಕದ ಸೂತ್ರ ಬಿಡಿಸುವ ಪ್ರೋಗ್ರಾಂಗಳು) ಬೇಕು. ಲಿನಕ್ಸ್‌ನಲ್ಲಿ ಹೊಸದಾಗಿ ಹಾಕಿಕೊಳ್ಳುವವರಿಗೆ ಸ್ವಲ್ಪ ತಾಳ್ಮೆ ಇರಲಿ.

ಒಳಗಿನ ದಾರಿಗಳೂ ಬೇರೆ ಬೇರೆ. ಎಲ್‌ಟಿಎಲ್‌ಸಿಂಟ್ ಮತ್ತು ಸ್ಟ್ರಿಕ್ಸ್ ಎರಡೂ ನಿಯಮವನ್ನು ಪ್ಯಾರಿಟಿ ಆಟೊಮಟನ್ (ಸಂಖ್ಯೆಗಳ ಸರಿ-ಬೆಸ ನೋಡಿ ತೀರ್ಪು ಕೊಡುವ ಆಟೊಮಟನ್) ಮಾಡಿ, ಅದರ ಮೇಲೆ ನಮ್ಮ ಯಂತ್ರ ಮತ್ತು ಎದುರಾಳಿ ಇಬ್ಬರ ಆಟ ಆಡಿಸಿ ಗೆಲ್ಲುವ ತಂತ್ರ ಹುಡುಕುತ್ತವೆ. ಸ್ಟ್ರಿಕ್ಸ್ ಆ ಆಟೊಮಟನ್ನನ್ನು ಪೂರ್ತಿ ಕಟ್ಟುವ ತನಕ ಕಾಯುವುದಿಲ್ಲ. ಬೇಕಾದಷ್ಟೇ ಕಟ್ಟುತ್ತಾ ಹೋಗುತ್ತದೆ. ಬೋಸಿ 'ಒಂದು ಸ್ಥಿತಿಯಲ್ಲಿ ಆಗುತ್ತದಾ? ಎರಡರಲ್ಲಿ?' ಅಂತ ಮಿತಿಯನ್ನು ಏರಿಸುತ್ತಾ, ಪ್ರತಿ ಸಲವೂ ಪ್ರಶ್ನೆಯನ್ನು ಸಾಲ್ವರ್‌ಗೆ ಒಪ್ಪಿಸುತ್ತದೆ. ಹಾಗಾಗಿ ಸಿಗುವ ಯಂತ್ರ ಚಿಕ್ಕದು, ಚೊಕ್ಕದು. ಗಿರಾಕಿಗಳು ಹೆಚ್ಚಾದಂತೆ ಮೊದಲು ಏದುಸಿರು ಬಿಡುವುದೂ ಇದೇ.

ಸ್ಲಗ್ಸ್‌ನ ಜಾತಿಯೇ ಬೇರೆ. ಅದಕ್ಕೆ ಇಡೀ ಎಲ್‌ಟಿಎಲ್ ಬೇಡ. ಜಿಆರ್‌(1) ಅನ್ನುವ ಒಂದು ತುಂಡು ಸಾಕು. 2006ರಲ್ಲಿ ಪಿಟರ್ಮನ್, ಪ್ನುವೇಲಿ, ಸಾಆರ್ ಈ ತುಂಡನ್ನು ಗುರುತಿಸಿದರು. ಘಾತದ ಮೇಲಿನ ಘಾತದ ಕಾಟ ಇದರಲ್ಲಿಲ್ಲ. ಎಆರ್‌ಎಂ ಕಂಪನಿಯ ಆಂಬಾ ಬಸ್‌ಗೆ ಆರ್ಬಿಟರನ್ನು (ಬಸ್ ಈಗ ಯಾರಿಗೆ ಅಂತ ತೀರ್ಮಾನಿಸುವ ಸರ್ಕ್ಯೂಟ್) ಹೀಗೇ ನಿಯಮದಿಂದ ಹುಟ್ಟಿಸಿದ್ದಾರೆ. ಬೆಲೆ ಕೊಡಬೇಕಾದ್ದು ಬರೆಯುವಾಗ. 'ಕೇಳಿದರೆ ಯಾವತ್ತಾದರೂ ಕೊಡು' ಅನ್ನೋದನ್ನು ನೇರವಾಗಿ ಬರೆಯೋಕೆ ಆಗಲ್ಲ. ಬಾಕಿ ಕೋರಿಕೆ ನೆನಪಿಡಲು ಒಂದು ಬಿಟ್ ಸೇರಿಸಬೇಕು. ನನಗೆ ಇಲ್ಲಿ ಆ ಮೇಲಿನ ಷರತ್ತೇ ನೆರವಾಯಿತು. ಕೋರಿಕೆ ಕೈಬಿಡುವಂತಿಲ್ಲ ಅಂದ ಮೇಲೆ 'ಕೋರಿಕೆ ಇಲ್ಲ, ಅಥವಾ ಅನುಮತಿ ಇದೆ. ಹೀಗೆ ಮತ್ತೆ ಮತ್ತೆ ಆಗುತ್ತಿರಲಿ' ಅಂದರೂ ಅದೇ ಅರ್ಥ. ಆ ಬಿಟ್ ಬೇಕಾಗಲೇ ಇಲ್ಲ. ಆದರೆ ಸ್ಲಗ್ಸ್ ಕೊಡುವ ತಂತ್ರವನ್ನು ಬಿಡಿಬಿಡಿಯಾಗಿ ಬರೆಸಿದರೆ ಪಟ್ಟಿ ಉದ್ದ. ಇನ್‌ಪುಟ್ ಔಟ್‌ಪುಟ್ ಎಲ್ಲ ಸೇರಿಸಿ ಒಂದೊಂದನ್ನೂ ಬೇರೆ ಸ್ಥಿತಿ ಅಂತ ಎಣಿಸುತ್ತದೆ. ಬೋಸಿಯ ಎರಡು ಸ್ಥಿತಿ ನೋಡಿದ ಕಣ್ಣಿಗೆ ಇದು ಗದ್ದಲ.

ವೇಗ ನೋಡಿ ಟೂಲ್ ಆರಿಸುವವರು ಜಾಸ್ತಿ. ನನಗೆ ಅದು ಎರಡನೇ ಮಾತು. ನಿಯಮ ಮೊದಲ ಸಲಕ್ಕೇ ಸರಿ ಬರೋದು ಅಪರೂಪ, ಹಾಗಾಗಿ 'ಆಗದು' ಅಂದಾಗ ಕಾರಣ ತೋರಿಸುವ ಟೂಲೇ ನನಗೆ ಮೇಲು. ಹೊಸಬರು ಎಲ್‌ಟಿಎಲ್‌ಸಿಂಟ್‌ನಿಂದ ಶುರು ಮಾಡಿ. ಸ್ಪಾಟ್ ಅನ್ನುವ ಪ್ಯಾಕೇಜ್ ಹಾಕಿಕೊಂಡರೆ ಜೊತೆಗೇ ಬರುತ್ತದೆ, ಒಂದೇ ಸಾಲಿನ ಕಮಾಂಡ್ ಸಾಕು. ಅದು ಇಲ್ಲ ಅಂದ ಕೂಡಲೇ ಅದೇ ನಿಯಮವನ್ನು ಸ್ಟ್ರಿಕ್ಸ್‌ಗೆ ಕೊಡಿ. ಯಂತ್ರವನ್ನು ಕಾಗದದ ಮೇಲೆ ಬಿಡಿಸಿ ಯಾರಿಗಾದರೂ ವಿವರಿಸಬೇಕಾದರೆ ಬೋಸಿ. ಸ್ಲಗ್ಸ್ ಯಾವಾಗ? ನಿಯಮ ಜಿಆರ್‌(1)ಗೆ ಒಗ್ಗುತ್ತದೆ ಅಂತ ಖಾತ್ರಿ ಇದ್ದು, ಗಿರಾಕಿಗಳು ಇಬ್ಬರಲ್ಲ, ತುಂಬಾ ಜನ ಇದ್ದಾಗ.