ತೆಳು ಕನ್ನಡಿಯನ್ನು ಮತ್ತೆ ಪಾಲಿಶಿಗೆ ಹಾಕುವ ಮುನ್ನ ಸೆಲ್ ಬಿಚ್ಚಿ ನೋಡಿ

ಟೆಲಿಸ್ಕೋಪಿನಲ್ಲಿ ನಕ್ಷತ್ರ ಫೋಕಸ್ಸಿನ ಒಳಗೆ ಒಂದು ದಿಕ್ಕಿಗೆ, ಹೊರಗೆ ಅದಕ್ಕೆ ಅಡ್ಡಲಾಗಿ ಮೊಟ್ಟೆಯಂತೆ ಉದ್ದವಾಗುತ್ತಿದೆಯೇ? ಗಾಜಿಗೆ ಕೈ ಹಾಕಬೇಡಿ. 400 ಮಿ.ಮೀ. ವ್ಯಾಸ, ಅಂಚಿನಲ್ಲಿ 25 ಮಿ.ಮೀ. ದಪ್ಪ, 1800 ಮಿ.ಮೀ. ಫೋಕಲ್ ಲೆಂತ್‌ನ ಪ್ಲೇಟ್ ಗ್ಲಾಸ್ ಕನ್ನಡಿಯೊಂದು ಇದೇ ದೋಷಕ್ಕೆ ಎರಡು ಸಲ ಪಾಲಿಶಿಗೆ ಹೋಗಿ ಬಂತು, ದೋಷ ಮಾತ್ರ ಹಾಗೇ ಉಳಿಯಿತು. ತಪ್ಪಿದ್ದದ್ದು ಸೆಲ್ಲಿನಲ್ಲಿ, ಅಂದರೆ ಕನ್ನಡಿಯನ್ನು ಹಿಂದಿನಿಂದ 18 ಬಿಂದುಗಳಲ್ಲಿ ಹೊರುವ ಚೌಕಟ್ಟಿನಲ್ಲಿ.

ಪರೀಕ್ಷೆ ಸುಲಭ. ಕನ್ನಡಿಯನ್ನು ಸೆಲ್ಲಿನೊಳಗೇ 90 ಡಿಗ್ರಿ ತಿರುಗಿಸಿ. ಮೊಟ್ಟೆಯೂ ಜತೆಗೆ ತಿರುಗಿದರೆ ಗಾಜಿನ ದೋಷ. ಇದ್ದಲ್ಲೇ ಇದ್ದರೆ ಮೊದಲ ಅನುಮಾನ ಸೆಲ್ಲಿನ ಮೇಲೆ. (ತಲೆ ಓರೆ ಮಾಡಿಯೂ ನೋಡಿ, ನಿಮ್ಮ ಕಣ್ಣಿನದೇ ಆಗಿರಬಹುದು.) ನೆತ್ತಿಯ ಮೇಲಿನ ನಕ್ಷತ್ರ ಚೆನ್ನಾಗಿದ್ದು ದಿಗಂತದ ಹತ್ತಿರದ್ದು ಕೆಟ್ಟರೆ ಅಂಚಿನ ಆಧಾರ ಸರಿಯಿಲ್ಲ.

ಇಲ್ಲಿ ಆದದ್ದೂ ಅದೇ. ಕನ್ನಡಿಯ ಅಂಚನ್ನು ಕೆಳಗಿನಿಂದ ಹೊರುವ ಕೇಬಲ್ ಜೋಲಿ ಅಂಚಿನ ನಟ್ಟನಡುವೆ, ಅಂದರೆ ಹಿಂಬದಿಯಿಂದ 12.5 ಮಿ.ಮೀ.ಗೆ ಕೂತಿತ್ತು. ಆದರೆ ಮುಂದೆ ನಡುವಿನಲ್ಲಿ 5.5 ಮಿ.ಮೀ. ಕೊರೆದ ಗಾಜಿನ ಗುರುತ್ವಕೇಂದ್ರ ಹಿಂದಕ್ಕೆ ಸರಿದಿರುತ್ತದೆ: 11.2 ಮಿ.ಮೀ. ಈ 1.3 ಮಿ.ಮೀ. ಸಾಕು, 7 ಕೆ.ಜಿ. ಗಾಜು ತನ್ನ ಭಾರಕ್ಕೆ ತಾನೇ ತಿರುಚಿಕೊಳ್ಳಲು. ಹಸಿರು ಬೆಳಕಿಗೆ ಮೇಲ್ಮೈ ಸುಮಾರು 70 ನ್ಯಾನೊಮೀಟರ್ ತಪ್ಪಿದರೇ ಪ್ರತಿಫಲಿಸಿದ ಬೆಳಕು ಕಾಲು ತರಂಗದಷ್ಟು ಕೆಡುತ್ತದೆ.

ಸಾಲದ್ದಕ್ಕೆ ಗಾಜನ್ನು ಸೆಲ್ಲಿಗೆ ಹಿಡಿಸಲು ಸಿಲಿಕೋನ್ ಅಂಟು! ಅದನ್ನು ದಯವಿಟ್ಟು ಮಾಡಬೇಡಿ. ಟೆಲಿಸ್ಕೋಪು ಬಾಗಿದಾಗ ಗಾಜು ಜೋಲಿಯ ಮೇಲೆ ಕೂರದೆ ಅಂಟಿನಲ್ಲೇ ನೇತಾಡುತ್ತದೆ. ರಾತ್ರಿ ತಣಿಯುವಾಗ ಸೆಲ್ಲಿನ ಅಲ್ಯುಮಿನಿಯಂ ಗಾಜಿನ ಎರಡೂವರೆ ಪಟ್ಟು ಕುಗ್ಗಿ ಅಂಟಿದ ಕಡೆಯೆಲ್ಲ ಎಳೆಯುತ್ತದೆ. ಅಂಟಿನ ಬದಲು ಫೆಲ್ಟ್ ಇಲ್ಲವೇ ಟೆಫ್ಲಾನ್ ತುಂಡು ಇಡಿ, ಗಾಜು ಜಾರಲಿ.

ಈ 18 ಬಿಂದುಗಳನ್ನು ಮೂರು ಮೂರರಂತೆ (ಒಳಗಿನದು ಒಂದು, ಹೊರಗಿನವು ಎರಡು) ಹೊತ್ತು ಓಲಾಡುವ ತ್ರಿಕೋನಗಳ ಲೆಕ್ಕದಲ್ಲೂ ಬಹಳ ಮಂದಿ ಎಡವುತ್ತಾರೆ. ಒಳಗಿನ 6 ಬಿಂದು 80 ಮಿ.ಮೀ. ತ್ರಿಜ್ಯದಲ್ಲಿ, ಹೊರಗಿನ 12 ಬಿಂದು 160ರಲ್ಲಿದ್ದರೆ, ತ್ರಿಕೋನದ ತಿರುಗಣೆ ಕೇಂದ್ರದಿಂದ 130 ಮಿ.ಮೀ. ದೂರದಲ್ಲಿರಬೇಕು. ತ್ರಿಕೋನದ ಎತ್ತರದ ಅರ್ಧಕ್ಕೆ, 117ಕ್ಕೆ, ತೂತು ಕೊರೆದರೆ ಒಳಬಿಂದುವಿಗೆ 390 ಗ್ರಾಂ ಬದಲು 580 ಗ್ರಾಂ ಬೀಳುತ್ತದೆ, ಹೊರಗಿನವಕ್ಕೆ 290. ಆಗ ನಕ್ಷತ್ರ ಗುಂಡಗೇ ಕಾಣುತ್ತದೆ, ಆದರೆ ಕನ್ನಡಿಯ ನಡು ಎದ್ದು ಅಂಚು ಜೋತು ಬೀಳುತ್ತದೆ. ಇದನ್ನು ಕನ್ನಡಿಯ ಪ್ಯಾರಾಬೊಲಾ ಆಕಾರವೇ ಕೆಟ್ಟಿದೆಯೆಂದು ತಪ್ಪು ತಿಳಿಯುವುದು ಸುಲಭ. ದಪ್ಪ ಅರ್ಧವಾದರೆ ಬಾಗು ನಾಲ್ಕು ಪಟ್ಟಾಗುವುದರಿಂದ, ಕೊರೆಯುವ ಮುನ್ನ ನಿಮ್ಮ ಅಳತೆಗಳನ್ನು, ಕನ್ನಡಿ ಎಷ್ಟು ಬಾಗುತ್ತದೆಂದು ಲೆಕ್ಕ ಹಾಕುವ ಪ್ಲಾಪ್ ತಂತ್ರಾಂಶಕ್ಕೆ ಕೊಟ್ಟು ನೋಡಿ. ಅದು ಪುಕ್ಕಟೆ ಸಿಗುತ್ತದೆ.

ನಟ್ ಬಿಗಿದು ತ್ರಿಕೋನ ಅಲುಗದಂತೆ ಮಾಡಿದರೆ 18 ಬಿಂದು ಇದ್ದೂ ಇಲ್ಲದ ಹಾಗೆ. ತಾನಾಗಿ ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ ಹಾಕಿ, ಕಿರುಬೆರಳಲ್ಲಿ ಮುಟ್ಟಿದರೆ ಓಲಾಡುವಷ್ಟು ಸಡಿಲ ಬಿಡಿ. ಮುಂದಿನ ಕ್ಲಿಪ್ಪುಗಳು ಕನ್ನಡಿ ಬೀಳದಿರಲಿಕ್ಕೆ ಮಾತ್ರ. ಅವಕ್ಕೂ ಗಾಜಿಗೂ ನಡುವೆ ವಿಸಿಟಿಂಗ್ ಕಾರ್ಡೊಂದು ಸಲೀಸಾಗಿ ಹೋಗಿ ಬರಬೇಕು.