ಕಾಂಟೆಸ್ಸಾ 32: ಏಳು ವರ್ಷ ಓಡಿಸಿ ಮಾರಿದ ಮೇಲೆ

ಹೋದ ತಿಂಗಳು ನಮ್ಮ ಹಾಯಿದೋಣಿ ಮಾರಿದೆವು. ಕಾಂಟೆಸ್ಸಾ 32 ಎಂಬ ಮಾದರಿ, 32 ಅಡಿ ಉದ್ದ, 1976ರಲ್ಲಿ ಕಟ್ಟಿದ್ದು. ಏಳು ವರ್ಷದ ಹಿಂದೆ 19,000 ಪೌಂಡಿಗೆ ತಗೊಂಡಿದ್ದು, 18,500ಕ್ಕೆ ಹೋಯಿತು. ನೋಡಲು ಬಂದ ಎರಡನೆಯವರೇ ಕೊಂಡರು. ಸೌತಾಂಪ್ಟನ್‌ನಲ್ಲಿರುವ ನಮ್ಮ ಕನ್ನಡದ ಗೆಳೆಯರು "ದೋಣಿಗೆ ದುಡ್ಡು ಹಾಕೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಲ್ವಾ?" ಎನ್ನುತ್ತಿದ್ದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಈ ದೋಣಿಗೆ ಬೆಲೆ ನಿಲ್ಲುವುದು ಹೆಸರಿನಿಂದ. ಆ ಹೆಸರು ಸುಮ್ನೆ ಬಂದದ್ದಲ್ಲ. ಡೇವಿಡ್ ಸ್ಯಾಡ್ಲರ್ ವಿನ್ಯಾಸ ಮಾಡಿದರು, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲಿಮಿಂಗ್ಟನ್‌ನಲ್ಲಿ ಜೆರೆಮಿ ರಾಜರ್ಸ್ ಕಟ್ಟಿದರು. ಇಂಗ್ಲೆಂಡಿನಿಂದ ಹೊರಟು ಐರ್ಲೆಂಡಿನ ಹತ್ತಿರದ ಫಾಸ್ಟ್‌ನೆಟ್ ಬಂಡೆ ಸುತ್ತಿ ಬರುವ ಹಾಯಿದೋಣಿ ರೇಸ್ ಒಂದಿದೆ. 1979ರಲ್ಲಿ ಆ ಫಾಸ್ಟ್‌ನೆಟ್ ರೇಸಿಗೆ 303 ದೋಣಿಗಳು ಹೊರಟಿದ್ದವು. ಬಿರುಗಾಳಿಗೆ ಸಿಕ್ಕಿ ರೇಸಿನಲ್ಲಿದ್ದ 15 ಜನ ಸತ್ತರು. ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದ್ದು ಒಂದೇ ಒಂದು: 'ಅಸೆಂಟ್' ಎಂಬ ಕಾಂಟೆಸ್ಸಾ 32. ಇಲ್ಲಿನ ಹಾಯಿಗಾರರು ಇವತ್ತಿಗೂ ಅದನ್ನು ಮರೆತಿಲ್ಲ.

ನಾನೂ ಕಣ್ಣಾರೆ ಕಂಡಿದ್ದೇನೆ. ಒಮ್ಮೆ ನೀಡಲ್ಸ್ ಬಂಡೆಗಳ ಹತ್ತಿರ ಗಾಳಿ ಒಂದು ಕಡೆಗೆ, ಇಳಿತದ ಸೆಳೆತ ಅದಕ್ಕೆ ಎದುರಾಗಿ. ಅಲೆಗಳು ಗೋಡೆಯ ಹಾಗೆ ನಿಂತಿದ್ದವು. ದೋಣಿ ವಾಲಿತು, ಡೆಕ್ಕಿನ ಅಂಚು ನೀರಿಗೆ ಮುಳುಗಿತು, ಮತ್ತೆ ನಿಧಾನವಾಗಿ ನೆಟ್ಟಗಾಯಿತು. ದೋಣಿಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕೀಲ್‌ನಲ್ಲೇ, ಅಂದರೆ ತಳದಿಂದ ನೀರಿಗಿಳಿದ ಭಾರದ ರೆಕ್ಕೆಯಲ್ಲೇ ಇದೆ, ಅದಕ್ಕೇ. ಮಗಳು ಒಳಗೆ ನಿದ್ದೆ ಮಾಡುತ್ತಲೇ ಇದ್ದಳು.

ಕೊರತೆಯೂ ಇದೆ. ಅಗಲ ಒಂಬತ್ತೂವರೆ ಅಡಿ ಮಾತ್ರ. ಈಗಿನ ಇದೇ ಉದ್ದದ ದೋಣಿಗಳ ಒಳಗೆ ಎಷ್ಟೋ ಜಾಸ್ತಿ ಜಾಗ ಇರುತ್ತದೆ. ಅಲೆ ಎದುರಾದರೆ ಮೈಯೆಲ್ಲ ಒದ್ದೆ. ಒಂದು ವಾರ ನಾಲ್ಕು ಜನ ಇರುವುದು ಕಷ್ಟ.

ಇನ್ನು ದುಡ್ಡು. ದೋಣಿಯ ಬೆಲೆ ನಿಂತಿತು, ಅದಕ್ಕೆ ಸುರಿದದ್ದು ವಾಪಸ್ ಬರಲಿಲ್ಲ. ಹಳೆ ಇಂಜಿನ್ ಕೈಕೊಟ್ಟಾಗ ಹೊಸದಕ್ಕೆ 8,000 ಪೌಂಡ್. ಹಾಯಿಕಂಬ ಹಿಡಿದಿಡುವ ಸ್ಟೀಲ್ ವಯರುಗಳಿಗೆ ಹತ್ತು ವರ್ಷ ಆಗಿತ್ತು, ಬದಲಿಸಿ ಎಂದು ವಿಮೆಯವರು ಹೇಳಿದರು. ಕಟ್ಟುವ ಜಾಗದ ಬಾಡಿಗೆ, ವರ್ಷಕ್ಕೊಮ್ಮೆ ತಳಕ್ಕೆ ಬಣ್ಣ ಬೇರೆ. ಇದನ್ನೆಲ್ಲ ಮಾಡಿಸದಿದ್ದರೆ ಈ ಬೆಲೆಗೆ ಯಾರೂ ಮುಟ್ಟುತ್ತಿರಲಿಲ್ಲ, ಅದೂ ನಿಜ.

ಕೊಳ್ಳುವವರು ಸರ್ವೇಯರ್, ಅಂದರೆ ದೋಣಿ ಪರೀಕ್ಷಿಸುವ ತಜ್ಞರ ಖರ್ಚು ಉಳಿಸಲು ಹೋಗಬೇಡಿ. ಹಳೆಯ ಫೈಬರ್ ದೋಣಿಯ ಮೈಗೆ ನೀರು ಇಳಿದು ಗುಳ್ಳೆ ಏಳುತ್ತದೆ. ನಾವು ಕೊಳ್ಳುವಾಗ ನಮ್ಮ ಸರ್ವೇಯರ್ ದೋಣಿಯನ್ನು ದಡಕ್ಕೆ ಎತ್ತಿಸಿ, ಚಿಕ್ಕ ಸುತ್ತಿಗೆಯಿಂದ ಗೇಣುಗೇಣಿಗೂ ತಟ್ಟಿ ನೋಡಿದರು. ರೇಲಿಂಗ್ ಬುಡದಲ್ಲಿ ಡೆಕ್ ಮೆತ್ತಗಾಗಿದೆ ಎಂದರು. ಅದನ್ನು ತೋರಿಸಿ 1,500 ಪೌಂಡ್ ಇಳಿಸಿಕೊಂಡೆವು.

ಕಾಗದಪತ್ರ ಒಂದೂ ಎಸೆಯಬೇಡಿ. ವ್ಯಾಟ್ ಕಟ್ಟಿದ ಹಳೆ ಬಿಲ್ ಮುಖ್ಯ, ರಿಪೇರಿ ರಸೀದಿಗಳೂ ಅಷ್ಟೇ. ಹಿಂದಿನ ಮಾಲೀಕರು ಕೊಟ್ಟ ಫೈಲಿಗೆ ನಾನೂ ಒಂದೊಂದಾಗಿ ಸೇರಿಸುತ್ತಾ ಬಂದಿದ್ದೆ. ಈಗ ಕೊಂಡವರು ಬಂದೊಡನೆ ಕೇಳಿದ್ದು ಅದನ್ನೇ. ಜೆಟ್ಟಿಯ ಮೇಲೆ ಕೂತು ಅರ್ಧ ಗಂಟೆ ಓದಿದರು. ಆಮೇಲೆ ದೋಣಿ ಹತ್ತಿದರು.