ಸಿ-ಎ-ಟಿ ಕ್ಯಾಟ್, ಚಿತ್ರದ ಕಾರ್ಡು, ಫೋನಿಕ್ಸ್: ಒಂದನೇ ಕ್ಲಾಸಿನಲ್ಲಿ ಮೂರನ್ನೂ ಮಾಡಿ ನೋಡಿದೆ

ಹೊನ್ನಾವರದಲ್ಲಿ ಚರ್ಚಿನ ಪಕ್ಕದ ಶಾಲೆ ನಮ್ಮದು. ಒಂದನೇ ಕ್ಲಾಸಿಗೆ ಬರುವ ಮಕ್ಕಳಲ್ಲಿ ಕೆಲವರ ಮನೆಮಾತು ಕೊಂಕಣಿ, ಕೆಲವರದು ಕನ್ನಡ, ಕೆಲವರದು ಉರ್ದು. ಇವರಿಗೆಲ್ಲ ಒಂದೇ ವರ್ಷದಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಓದಲು ಕಲಿಸಬೇಕು. ಇಂಗ್ಲಿಷ್ ಓದಿಸಲು ನಾನು ಮೂರು ದಾರಿ ಹಿಡಿದಿದ್ದೇನೆ. ಒಂದೊಂದಕ್ಕೂ ಒಂದೊಂದು ಪೂರ್ತಿ ವರ್ಷ ಕೊಟ್ಟಿದ್ದೇನೆ.

ಮೊದಲನೆಯದು ನಾವೆಲ್ಲ ಕಲಿತ ದಾರಿಯೇ. "ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು." ಜೂನ್ ತಿಂಗಳ ಮಳೆಯ ಸದ್ದಿನಲ್ಲೂ ಇಡೀ ಕ್ಲಾಸು ರಾಗವಾಗಿ ಹೇಳುತ್ತದೆ. ಮನೆಯಲ್ಲಿ ಸ್ಪೆಲ್ಲಿಂಗ್ ಕೇಳಿದರೆ ಮಗು ಪಟಪಟ ಒಪ್ಪಿಸುತ್ತದೆ, ಪಾಲಕರಿಗೆ ಖುಷಿ. ಆದರೆ ಬೋರ್ಡಿನ ಮೇಲೆ ಸಿ ಅಳಿಸಿ ಎಮ್ ಬರೆದೆ ಅನ್ನಿ. "ಮ್ಯಾಟ್" ಅನ್ನಲು ಬರುವುದಿಲ್ಲ, ಸುಮ್ನೆ ನನ್ನ ಮುಖ ನೋಡುತ್ತಾರೆ. ತಪ್ಪು ಮಕ್ಕಳದಲ್ಲ. ಸಿ, ಎ, ಟಿ ಮೂರನ್ನೂ ಎಷ್ಟು ಬೇಗ ಹೇಳಿದರೂ "ಸಿಯೇಟಿ" ಆಗುತ್ತದೆ, "ಕ್ಯಾಟ್" ಆಗುವುದಿಲ್ಲ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರೇ ಬೇರೆ, ಸದ್ದೇ ಬೇರೆ. ಕನ್ನಡದಲ್ಲಿ ಗ ಅಕ್ಷರದ ಹೆಸರೂ ಗ, ಸದ್ದೂ ಗ.

ಎರಡನೇ ವರ್ಷ ಚಿತ್ರದ ಕಾರ್ಡು. ಹಳೆ ಮದುವೆ ಕಾಗದದ ಹಿಂದೆ ದೋಣಿ, ಮೀನು, ಏಡಿ ಬರೆದು ಕೆಳಗೆ ಪದ ಬರೆದೆ. ಮೊದಲ ತಿಂಗಳು ಮಕ್ಕಳ ಓಟ ನೋಡಿ ನನಗೇ ಹಿಗ್ಗು. ದೀಪಾವಳಿ ಹೊತ್ತಿಗೆ ಬಂಡವಾಳ ತೀರಿತು. ಬೋಟ್, ಬೀಟ್, ಬ್ಯಾಟ್ ಎಲ್ಲ ಕಲಸಿಹೋದವು, ಚಿತ್ರ ಮುಚ್ಚಿದರೆ ಬರೀ ಊಹೆ. ಒಬ್ಬ ಹುಡುಗ ಪಾಠದ ಪುಟ ಪೂರ್ತಿ ತಪ್ಪಿಲ್ಲದೆ "ಓದಿದ", ಬೆರಳು ಮಾತ್ರ ಎರಡು ಸಾಲು ಹಿಂದೆ ಇತ್ತು. ಕೊಂಕಣಿಯ ಮೇರಿ ಮಾತೆಯ ಪ್ರಾರ್ಥನೆ "ನಮಾನ್ ಮರಿಯೆ" ಹೇಳುವಾಗಲೂ ಮಕ್ಕಳು ಪುಸ್ತಕ ನೋಡುವುದಿಲ್ಲ. ಪ್ರಾರ್ಥನೆ ಹಾಗೆ ಬಾಯಲ್ಲಿ ಕೂತಿರಬೇಕು. ಓದು ಹಾಗೆ ಬಂದರೆ ಮುಂದಿನ ಪುಸ್ತಕಕ್ಕೆ ಉಪಯೋಗ ಇಲ್ಲ.

ಮೂರನೆಯದು ಫೋನಿಕ್ಸ್. ಇಲ್ಲಿ 26 ಅಕ್ಷರಗಳ ಹೆಸರಿನಿಂದ ಶುರು ಮಾಡುವುದಿಲ್ಲ, ಸದ್ದಿನಿಂದ ಶುರು. ಇಂಗ್ಲಿಷಿನಲ್ಲಿ ಸುಮಾರು 44 ಸದ್ದುಗಳಿವೆ. ಮೊದಲು ಎಸ್, ಎ, ಟಿ, ಪಿ, ಐ, ಎನ್, ಈ ಆರನ್ನೇ ಹಿಡಿಯುತ್ತೇವೆ. ಇಷ್ಟರಲ್ಲೇ ಸಿಟ್, ಪಿನ್, ಟ್ಯಾಪ್, ಟಿನ್, ಪ್ಯಾನ್, ನ್ಯಾಪ್ ಎಲ್ಲ ಓದಬಹುದು. ನಮ್ಮ ಸರ್ಕಾರಿ ಶಾಲೆಗಳ ಕಲಿಕೆ ಪದ್ಧತಿ ನಲಿ ಕಲಿಯಲ್ಲಿ ಅ ಆ ಇ ಈ ಬಿಟ್ಟು ರ ಗ ಸ ದ ಅ ಇಂದ ಶುರು ಮಾಡುತ್ತಾರಲ್ಲ, ಅದರ ಲೆಕ್ಕವೂ ಇದೇ. ಐದು ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ, ಗದಗ ಓದಿಯೇ ಬಿಡುತ್ತಾರೆ. ಕನ್ನಡದ 49 ಅಕ್ಷರ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಶುರುವಿನಲ್ಲಿ ನಾನೇ ಒಂದು ತಪ್ಪು ಮಾಡಿದೆ. ಎಸ್ ಅಂದರೆ "ಸ", ಟಿ ಅಂದರೆ "ಟ" ಅಂತ ಕನ್ನಡದ ಅಕ್ಷರದ ಹಾಗೆ ಹೇಳಿಕೊಟ್ಟೆ. ಮಕ್ಕಳು "ಸ-ಆ್ಯ-ಟ" ಅಂದರು. ಅದು ಎಲ್ಲಿ ಸ್ಯಾಟ್ ಆಗುತ್ತದೆ? ಒಳಗೆ ಕೂತಿರುವ ಅಕಾರ ತೆಗೆಯಬೇಕಿತ್ತು. "ಸ್‌ಸ್‌ಸ್" ಅಂತ ಎಳೆಯಬೇಕು, "ಪ್" ಅನ್ನುವಾಗ ತುಟಿ ಒಡೆದರೆ ಸಾಕು, ಹಿಂದೆ "ಅ" ಬರಬಾರದು. ಇದೊಂದು ತಿದ್ದಿಕೊಂಡ ಮೇಲೆ ಕ್ಲಾಸೇ ಬದಲಾಯಿತು.

ಆಮೇಲೆ ಅಕ್ಷರ ತೋರಿಸುವ ಮೊದಲು ಬರೀ ಬಾಯಲ್ಲಿ ಆಟ ಆಡಿಸಿದೆ. ನಾನು ಪದ ಒಡೆದು ಹೇಳುವುದು, ಅವರು ಕೂಡಿಸುವುದು. ಇಂಗ್ಲಿಷ್ ಬೇಡ, ಮನೆಮಾತೇ ಇರಲಿ ಅಂತ, ಮನೆಗೆ ಕೊಂಕಣಿಯಲ್ಲಿ ಹೇಳುವ ಪದವನ್ನು ಒಡೆದು "ಘ್-ಅ-ರ್" ಅಂದೆ. ಅಲ್ಲಿವರೆಗೆ ಬಾಯಿ ಬಿಡದ ಮೀನುಗಾರರ ಮನೆಯ ಹುಡುಗಿ "ಘರ್!" ಅಂತ ಕೂಗಿದಳು. ಹಾತ್ (ಕೈ), ದೂದ್ (ಹಾಲು), ಉದಾಕ್ (ನೀರು), ಒಂದಾದ ಮೇಲೊಂದು ಕೂಡಿಸಿದಳು. ಆಗ ನನಗೆ ಹೊಳೆಯಿತು. ಕೊಂಕಣಿಯಲ್ಲಿ ವ್ಯಂಜನಕ್ಕೇ ನಿಲ್ಲುವ ಪದ ಜಾಸ್ತಿ. ಕನ್ನಡದಲ್ಲಿ ಕೈ, ಹಾಲು, ನೀರು, ಎಲ್ಲ ಸ್ವರಕ್ಕೆ ಬಂದು ನಿಲ್ಲುತ್ತವೆ. ಅದಕ್ಕೇ ಕನ್ನಡದ ಮಕ್ಕಳ ಬಾಯಲ್ಲಿ ಬಸ್ ಬಸ್ಸು ಆಗುತ್ತದೆ, ಬುಕ್ ಬುಕ್ಕು ಆಗುತ್ತದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಹಿಂದೆ ಅಂದುಕೊಂಡಿದ್ದ ಕೊಂಕಣಿ ಮಕ್ಕಳು ಇಲ್ಲಿ ಮುಂದೆ ಇದ್ದರು. ಕನ್ನಡದವರಿಗೆ ಕಿರಣ್, ಸಲೀಮ್, ಜಾನ್ ಅಂತ ಹೆಸರುಗಳನ್ನೇ ಒಡೆದು ಕೊಟ್ಟೆ. ಎರಡು ವಾರ ಹೆಚ್ಚು ಬೇಕಾಯಿತು, ಅಷ್ಟೇ.

ನಿಜವಾಗಿ ಓದುತ್ತಾರಾ, ನೆನಪಿನಿಂದ ಹೇಳುತ್ತಾರಾ ಅಂತ ತಿಳಿಯಲು ಅರ್ಥವೇ ಇಲ್ಲದ ಪದ ಕೊಡಬೇಕು. ಇಂಗ್ಲೆಂಡಿನಲ್ಲಿ 2012ರಿಂದ ಚಿಕ್ಕ ಮಕ್ಕಳಿಗೆ 40 ಪದಗಳ ಪರೀಕ್ಷೆ ಮಾಡುತ್ತಾರೆ, ಅದರಲ್ಲಿ 20 ಪದಕ್ಕೆ ಅರ್ಥ ಇರುವುದಿಲ್ಲ. ನಾನೂ "ನಿಸ್", "ಟ್ಯಾಸ್" ತರದ್ದು ಬರೆದು ತೋರಿಸಿದೆ. ಆಗ ಎರಡನೇ ಕ್ಲಾಸಿನಲ್ಲಿದ್ದ ಕಾರ್ಡಿನ ಬ್ಯಾಚಿನ ಮಕ್ಕಳು ತಡವರಿಸಿದರು. ಫೋನಿಕ್ಸಿನವರು ಒಂದೊಂದೇ ಸದ್ದು ಹೇಳಿ ಕೂಡಿಸಿದರು, ಆಮೇಲೆ "ಟೀಚರ್, ಹಂಗಂದ್ರೆ ಏನು?" ಅಂತ ಕೇಳಿದರು. ನನಗೆ ಬೇಕಾಗಿದ್ದದ್ದು ಆ ಪ್ರಶ್ನೆಯೇ.

ಕೊರತೆ ಇಲ್ಲ ಅಂತಲ್ಲ. ಸೆಡ್, ವಾಸ್, ಒನ್, ಇವೆಲ್ಲ ಸದ್ದಿನ ಲೆಕ್ಕಕ್ಕೆ ಸಿಗುವುದಿಲ್ಲ. ಅವಕ್ಕೆ ಅದೇ ಹಳೆ ಕಾರ್ಡು ಹೊರಗೆ ತೆಗೆದೆ. ಬರೆಯುವಾಗ ಸ್ಪೆಲ್ಲಿಂಗ್ ವರ್ಷದ ಮಕ್ಕಳೇ ಮೇಲು. ಫೋನಿಕ್ಸಿನವರು ಸೆಡ್ ಅನ್ನು ಎಸ್, ಇ, ಡಿ ಅಂತ ಮೂರೇ ಅಕ್ಷರದಲ್ಲಿ ಬರೆಯುತ್ತಾರೆ. ಪೆನ್ ಮತ್ತು ಪ್ಯಾನ್ ಬಾಯಲ್ಲಿ ಒಂದೇ ಆಗುವ ತೊಂದರೆ ನನ್ನ ಕ್ಲಾಸಿನಲ್ಲಿ ಇನ್ನೂ ಇದೆ. ಮೊದಲ ತಿಂಗಳು ಮನೆಯವರಿಗೆ ತೋರಿಸಲು ಏನೂ ಇರುವುದಿಲ್ಲ. ಒಬ್ಬ ಅಜ್ಜಿ ಗೇಟಿನ ಹತ್ತಿರ ನಿಲ್ಲಿಸಿ, "ಅಕ್ಕೋರೇ, ನಮ್ಮ ಕೂಸಿಗೆ ಎಬಿಸಿಡಿ ಹೇಳ್ಕೊಡೂದಿಲ್ವಾ?" ಅಂದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬದವರೆಗೆ, ಅಂದರೆ ಮೇರಿ ಮಾತೆಯ ಹುಟ್ಟಿದ ಹಬ್ಬದವರೆಗೆ, ಕಾಯಿರಿ ಅಂದೆ. ಹಬ್ಬದ ಮಾರನೇ ದಿನ ಕೂಸನ್ನು ಅವರ ಮುಂದೆ ಕೂರಿಸಿ, ಅದು ಹಿಂದೆ ನೋಡಿರದ ಆರು ಪದ ಓದಿಸಿದೆ.

ಈಗ ನನ್ನ ಕ್ಲಾಸಿನಲ್ಲಿ ಫೋನಿಕ್ಸೇ ಮೊದಲು. ಹಟ ಮಾಡುವ ಪದಗಳಿಗೆ ಕಾರ್ಡು. ಸ್ಪೆಲ್ಲಿಂಗ್ ಬಾಯಿಪಾಠ ಎರಡನೇ ಕ್ಲಾಸಿನಿಂದ, ಅದೂ ಓದಲು ಬರುವ ಪದಕ್ಕೆ ಮಾತ್ರ. ಪಾಲಕರ ಹತ್ತಿರ ಒಂದೇ ಮಾತು ಕೇಳಿಕೊಳ್ಳುತ್ತೇನೆ: ಸಂಜೆ ಐದು ನಿಮಿಷ ಮಗುವಿನ ಜೊತೆ ಪದ ಒಡೆದು ಕೂಡಿಸುವ ಆಟ ಆಡಿ. ನಿಮಗೆ ಇಂಗ್ಲಿಷ್ ಬರದಿದ್ದರೂ ಅಡ್ಡಿಯಿಲ್ಲ, ಮನೆಯಲ್ಲಿ ಆಡುವ ಮಾತಿನಲ್ಲೇ ಆಡಿ.